ಆ ಬೆದರುಗೊಂಬೆ ಡ್ರೆಸ್ಸಿಗೆ ಎಷ್ಟು ಕೊಟ್ರಿ?

ಕಳೆದ ವರ್ಷ ಅಕ್ಟೋಬರ್ 31ಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಸೇರಿ ಹ್ಯಾಲೋವೀನ್ ಮಾಡಿದರು, ದೆವ್ವ-ಗಿವ್ವದ ವೇಷ ಹಾಕಿ ಮನೆಮನೆಗೆ ಹೋಗಿ ಚಾಕಲೇಟ್ ಕೇಳುವ ಹಬ್ಬ. ಆವತ್ತಿನಿಂದ ಲಿಫ್ಟಿನಲ್ಲಿ, ತರಕಾರಿ ಗಾಡಿ ಮುಂದೆ, ಎಲ್ಲಿ ಸಿಕ್ಕರೂ ನನಗೆ ಒಂದೇ ಪ್ರಶ್ನೆ. "ಅಕ್ಕಾರ, ನಿಮ್ಮ ಹುಡುಗನ ಡ್ರೆಸ್ ಎಲ್ಲಿ ತಂದ್ರಿ? ಎಷ್ಟು ಕೊಟ್ರಿ?"

ಐವತ್ತೈದು ರೂಪಾಯಿ. ತಂದಿದ್ದಲ್ಲ, ಮನೆಯಲ್ಲೇ ಹೊಲಿದಿದ್ದು.

ಮೊದಲು ನಾನೂ ಬಾಡಿಗೆ ಅಂಗಡಿಗೇ ಹೋಗಿದ್ದೆ. ಅದು ಅವರ ಸೀಸನ್. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಸೋಲಿಸಿದ ನೆನಪಿಗೆ ಉತ್ಸವ ನಡೆಯುವ ವಾರ. ಊರಿನ ಅರ್ಧ ಹೆಣ್ಣುಮಕ್ಕಳು ಚೆನ್ನಮ್ಮ ಆಗಿರುತ್ತಾರೆ. ಅದಾಗಿ ಎಂಟು ದಿನಕ್ಕೆ ದೆವ್ವಗಳ ಸರದಿ. ಅಸ್ಥಿಪಂಜರದ ಡ್ರೆಸ್ಸಿಗೆ ಐದುನೂರು ಬಾಡಿಗೆ, ಮೇಲೆ ಡಿಪಾಸಿಟ್. ಬಟ್ಟೆಯೋ, ಕೈಯಿಟ್ಟರೆ ಚರಚರ ಅನ್ನುವ ನೈಲಾನ್. ವಾಪಸ್ ಬಂದೆ.

"ದೀಪಾವಳಿ ದಿನದಾಗ ಎಲುಬಿನ ವೇಷ ಯಾಕವಾ? ಹೊಲದಾಗ ನಿಲ್ಲಸ್ತಾರಲ್ಲ ಬೆದರುಗೊಂಬಿ, ಅದನ್ನ ಮಾಡು" ಅಂದರು ಅತ್ತೆ. ಅಮೆರಿಕದಲ್ಲೂ ಹ್ಯಾಲೋವೀನಿಗೆ ಬೆದರುಗೊಂಬೆ ವೇಷ ಹಾಕುತ್ತಾರೆ ಅಂತ ಅತ್ತೆಗೆ ಗೊತ್ತಿರಲಿಲ್ಲ. ಹೋಳಿ ಹುಣ್ಣಿವೆಯ ಸೋಗು, ಮನೆಮನೆಗೆ ಬರುತ್ತಿದ್ದ ಹಗಲುವೇಷದವರು, ಇವನ್ನೆಲ್ಲ ಕಂಡವರಿಗೆ ವೇಷ ಹಾಕಿ ಬಾಗಿಲು ಬಡಿಯುವುದೇನು ಹೊಸದಲ್ಲ ಬಿಡಿ.

ಅಂಗಿ ಅಜ್ಜನದು, ಹಳೇ ನೆಹರು ಅಂಗಿ. ಹುಡುಗನಿಗೆ ಮೊಣಕಾಲು ಮುಟ್ಟುತ್ತಿತ್ತು, ಕತ್ತರಿಸಲಿಲ್ಲ. ಟೇಲರ್ ಹತ್ತಿರ ಉಳಿದಿದ್ದ ಗುಳೇದಗುಡ್ಡ ಖಣದ ತುಂಡು ಬೇಡಿ ತಂದು ದೊಡ್ಡ ದೊಡ್ಡ ಹೊಲಿಗೆ ಹಾಕಿ ತೇಪೆ ಹಚ್ಚಿದೆ. ಹೊಲಿಗೆ ಸೊಟ್ಟಗಾದಷ್ಟೂ ಚಂದ, ಇದೊಂದೇ ಕೆಲಸದಲ್ಲಿ!

ಕೈ ಕಾಲಿನಿಂದ ಹುಲ್ಲು ಹೊರಗೆ ಚಾಚಿದಂತೆ ಕಾಣಬೇಕಲ್ವಾ, ಅಲ್ಲೇ ಕಷ್ಟ. ನಿಜವಾದ ಹುಲ್ಲು ತುರಿಸುತ್ತದೆ. ಹುಬ್ಬಳ್ಳಿಯ ಉಣಕಲ್ ಕೆರೆ ಹತ್ತಿರ ಗೋವಿನಜೋಳದ ತೆನೆ ಸುಡುವವರನ್ನು ಕೇಳಿದೆ, ಒಂದು ಚೀಲ ಸಿಪ್ಪೆ ಸುಮ್ನೆ ಕೊಟ್ಟರು. ಎರಡು ದಿನ ಟೆರೇಸಿನಲ್ಲಿ ಒಣಗಿಸಿದೆ. ಒಣಗಿದ್ದನ್ನು ಹಾಗೇ ಹೊಲಿಯಲು ಹೋದರೆ ಸೂಜಿ ಚುಚ್ಚಿದಲ್ಲೇ ಸೀಳುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡಿ, ಮೆತ್ತಗಾಗುತ್ತದೆ. ಆಗ ಬೆರಳಗಲ ಸೀಳಿ ಲಾಡಿಗೆ ಒತ್ತೊತ್ತಾಗಿ ಹೊಲಿಯಿರಿ. ಮತ್ತೆ ಒಣಗಿದಾಗ ತುದಿಗಳು ತಾನೇ ಸುರುಳಿ ಸುತ್ತಿಕೊಳ್ಳುತ್ತವೆ. ಆ ಲಾಡಿಯನ್ನು ತೋಳಿನ ಮೇಲೆ, ಪ್ಯಾಂಟಿನ ಮೇಲೆ ಕಟ್ಟಬೇಕು, ಮೈಗೆ ತಾಗಬಾರದು. ಕುತ್ತಿಗೆಗೆ ಮಾತ್ರ ಏನನ್ನೂ ಕಟ್ಟಬೇಡಿ. ಎಳೆದಾಡುತ್ತಾರೆ ಹುಡುಗರು.

ಸೊಂಟಕ್ಕೆ ಸುತಳಿ, ತಲೆಗೆ ಅಜ್ಜನ ಪಟಕಾ. ಹೆಗಲ ಮೇಲೆ ಒಂದು ಕಾಗೆ. ಅದು ಜೋಡಿ ಕಳೆದುಕೊಂಡ ಕಪ್ಪು ಸಾಕ್ಸು, ಒಳಗೆ ಹಳೇ ದಿಂಬಿನ ಹತ್ತಿ. ಪಿನ್ ಹಾಕದೆ ಹೊಲಿದುಬಿಟ್ಟೆ. ಖರ್ಚಾಗಿದ್ದು ಲಾಡಿ, ಸುತಳಿ, ದಾರಕ್ಕೆ ಅಷ್ಟೇ.

ಮುಖವಾಡ ಬೇಡ. ಮೆಟ್ಟಿಲು ಕಾಣುವುದಿಲ್ಲ. ಹೊಲದಲ್ಲಿ ಬೆದರುಗೊಂಬೆಯ ತಲೆಗೆ ಇಡುವ ಗಡಿಗೆಗೆ ಸುಣ್ಣ ಬಳಿಯುತ್ತಾರೆ, ಮಗುವಿನ ಮುಖಕ್ಕೆ ಅದು ಆಗದು, ಚರ್ಮ ಸುಡುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಪೌಡರ್ ಕಲಸಿ ತೆಳ್ಳಗೆ ಹಚ್ಚಿ, ಕಾಡಿಗೆಯಲ್ಲಿ ಬಾಯಿಯ ಎರಡೂ ಕಡೆ ಹೊಲಿಗೆ ಬರೆದೆ. ಹಿಂದಿನ ದಿನವೇ ಮುಂಗೈಗೆ ಹಚ್ಚಿ ನೋಡಿದ್ದೆ.

ಒಂದು ಎಡವಟ್ಟು ಹೇಳಲೇಬೇಕು. ಬೆದರುಗೊಂಬೆ ಅಂದಮೇಲೆ ಕೈ ಚಾಚಿಕೊಂಡೇ ಇರಬೇಕು ಅಂತ ಹುಡುಗನ ಹಟ. ಎರಡೂ ತೋಳಿನೊಳಗೆ ಒಂದು ಉದ್ದ ಕೋಲು ತೂರಿಸಿದೆ. ಲಿಫ್ಟಿನ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡ. ಹೇಗೋ ಪಕ್ಕಕ್ಕೆ ತಿರುಗಿ ಒಳಗೆ ಹೋದ. ಮೊದಲ ಮನೆಯವರು ಚಾಕಲೇಟ್ ಕೊಟ್ಟರು, ಕೈ ಮಡಚಲು ಆಗುತ್ತಿಲ್ಲ! "ಅಮ್ಮಾ, ಕೋಲು ತಗೀ" ಅಂತ ಅಲ್ಲೇ ಅಳು. ಐದು ನಿಮಿಷವೂ ಬಾಳಲಿಲ್ಲ ಆ ಕೋಲು.

ಮರುದಿನ ದಾರವೆಲ್ಲ ಬಿಚ್ಚಿ ತೆಗೆದು ಸಿಪ್ಪೆಯನ್ನು ಆಕಳಿಗೆ ಹಾಕಿದೆವು. ಪಟಕಾ ಅಜ್ಜನ ಪೆಟ್ಟಿಗೆ ಸೇರಿತು. ಕಾಗೆ ಮಾತ್ರ ಇನ್ನೂ ನಮ್ಮ ಫ್ರಿಜ್ ಮೇಲೆ ಕೂತಿದೆ.