ಅಧಿಕ ಮಾಸವೂ ಎಐ ಸಹಾಯಕನೂ

ನಮ್ಮ ಸೀರೆ ಅಂಗಡಿಯ ಮಾರಾಟದ ಎಕ್ಸೆಲ್ ಕಡತವನ್ನು ಇಂದು ಎಐ ಸಹಾಯಕನಿಗೆ ಕೊಟ್ಟು, 2023ರ ಆಗಸ್ಟ್‌ಗಿಂತ 2024ರ ಆಗಸ್ಟ್‌ನಲ್ಲಿ ವ್ಯಾಪಾರ ಅಷ್ಟು ಏರಿದ್ದೇಕೆ ಎಂದು ಕೇಳಿದೆ.

ರಿಯಾಯಿತಿ ಯೋಜನೆ ಫಲ ಕೊಟ್ಟಿರಬೇಕೆಂದು ಅದು ಗ್ರಾಫ್ ಸಮೇತ, ಬಹಳ ವಿನಯದಿಂದ ವಿವರಿಸಿತು. 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣವಿದ್ದು, ಮದುವೆಯ ಜವಳಿ ಕೊಳ್ಳುವವರು ಇತ್ತ ಸುಳಿಯದೆ ಅರ್ಧ ತಿಂಗಳು ಹಾಗೆಯೇ ಕಳೆದುಹೋಗಿತ್ತೆಂಬುದು ಕಡತದ ಯಾವ ಕಾಲಂನಲ್ಲಿಯೂ ಇರಲಿಲ್ಲ. (ನಮ್ಮ ಹಳೆಯ ಗುಮಾಸ್ತರಾಗಿದ್ದರೆ ಗೋಡೆಯ ಪಂಚಾಂಗದತ್ತ ಕಣ್ಣು ಹಾಯಿಸಿಯೇ ಉತ್ತರಿಸುತ್ತಿದ್ದರು.)

ಚಾಂದ್ರಮಾಸದ ಕಾಲಂ ಒಂದನ್ನು ಸೇರಿಸಿದೊಡನೆ ಅದೇ ಸಹಾಯಕ ಆಷಾಢದ ಇಳಿತವನ್ನೂ ವರಮಹಾಲಕ್ಷ್ಮಿ ವಾರದ ಏರಿಕೆಯನ್ನೂ ಚೆನ್ನಾಗಿಯೇ ಗುರುತಿಸಿತು. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠವಿರುವುದರಿಂದ, ಆ ಬೇಸಿಗೆಯ ದಾಸ್ತಾನನ್ನು 2025ರ ಅಂಕಿಗಳ ಮೇಲೆ ಅಂದಾಜಿಸಬಾರದೆಂದು ಅದಕ್ಕೂ ಹೇಳಿಟ್ಟಿದ್ದೇನೆ.