ತಿರುಗು ಸೇತುವೆ ಮುಚ್ಚುವಾಗಿನ ಕಷ್ಟ

ಧಾರವಾಡದ ಪ್ರೌಢಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳ ಜೊತೆ ಕೂತು ರೈಲ್ವೆ ತಿರುಗು ಸೇತುವೆಯ ಮಾದರಿ ಮಾಡಿದೆವು. ನಮ್ಮ ವರದಾ, ತುಂಗಭದ್ರೆಯ ಮೇಲಿನ ರೈಲು ಸೇತುವೆಗಳು ಕಟ್ಟಿದ ಜಾಗ ಬಿಟ್ಟು ಕದಲುವುದಿಲ್ಲ. ಹಡಗು ಓಡಾಡುವ ನದಿಯ ಮೇಲೆ ತಗ್ಗಾಗಿ ಕಟ್ಟಿದ ಸೇತುವೆಗೆ ಹಾಗೆ ನಡೆಯದು. ತಿರುಗು ಸೇತುವೆಯಾದರೆ ನಡುಗಂಬದ ಮೇಲೆ ಹಳಿಸಮೇತ ಅಡ್ಡ ತಿರುಗಿ ದಾರಿ ಬಿಡುತ್ತದೆ.

4 ಅಡಿ ಉದ್ದದ ತೆಳು ಪ್ಲೈವುಡ್, ನಟ್ಟನಡುವೆ ಅಡಿಗೆ ಸೈಕಲ್ಲಿನ ಮುಂದಿನ ಚಕ್ರದ ಹಬ್, ಮೇಲೆ ಅಲ್ಯುಮಿನಿಯಂ ಪಟ್ಟಿಯ ಹಳಿ. ಬೆರಳು ತಾಗಿಸಿದರೆ ಸಾಕು, ತಿರುಗುತ್ತಿತ್ತು. ವಾಪಸ್ ತಂದಾಗ ಮಾತ್ರ ಹಳಿಗೆ ಹಳಿ ಕೂಡಲಿಲ್ಲ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಬಗ್ಗಿ ನೋಡಿದರು: "ತುದಿ ಜೋತು ಬಿದ್ದಾವ ನೋಡ್ರಿ ಸರ. ಗಾಡಿ ಹೆಂಗ ಏರಬೇಕು?" ಅಳೆದರೆ ಎರಡೂ ತುದಿ 3 ಮಿಲಿಮೀಟರ್ ಕೆಳಗಿದ್ದವು.

ನಿಜವಾದ ಸೇತುವೆಯಲ್ಲೂ ಇದೇ ಆಗುತ್ತದೆ. ತೆರೆದಾಗ ಎರಡೂ ತೋಳಿನ ಭಾರ ನಡುಗಂಬದ ಮೇಲೇ ನಿಲ್ಲುವುದರಿಂದ ತುದಿಗಳು ಬಾಗುತ್ತವೆ. ಹಾಗೇ ಬಿಟ್ಟು ರೈಲು ಹಾಯಿಸಿದರೆ ಒಂದು ತೋಳು ಒತ್ತಿ ಕೂತು, ಆಚೆಯ ತುದಿ ಮೇಲೇಳುತ್ತದೆ. ಅದಕ್ಕೇ ಮುಚ್ಚಿದ ಮೇಲೆ ಎರಡೂ ತುದಿಯ ಅಡಿಗೆ ಬೆಣೆ ನೂಕಿ ಎತ್ತಿ ಹಿಡಿಯುತ್ತಾರೆ. ಆಮೇಲೆ ಹಳಿಗೆ ಬೀಗ, ಕಡೆಗೆ ಸಿಗ್ನಲ್. ತೆರೆಯುವಾಗ ಇದೇ ಕ್ರಮ ಹಿಂದುಮುಂದು.

ಬಿಸಿಲಿನ ಕಾಟ ಬೇರೆ. 100 ಮೀಟರ್ ಉಕ್ಕು 20 ಡಿಗ್ರಿ ಕಾದರೆ ಸುಮಾರು 24 ಮಿಲಿಮೀಟರ್ ಬೆಳೆಯುತ್ತದೆ. ನಡುವೆ ಹಿಡಿದ ಸೇತುವೆಯಾದ್ದರಿಂದ ತುದಿಗೆ 12ರಂತೆ ಹಂಚಿಹೋಗುತ್ತದೆ, ಬಿಟ್ಟ ಸಂದು ಸಾಲದಿದ್ದರೆ ಸೇತುವೆ ಕಚ್ಚಿಕೊಳ್ಳುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಹ್ಯಾಕೆನ್‌ಸ್ಯಾಕ್ ನದಿಯ ಮೇಲೆ 1910ರಲ್ಲಿ ತೆರೆದ ಪೋರ್ಟಲ್ ಸೇತುವೆ ತಿರುಗಿ ಬಂದು ಸರಿಯಾಗಿ ಕೂಡದೆ ಎಷ್ಟೋ ಸಲ ರೈಲುಗಳನ್ನು ನಿಲ್ಲಿಸಿದೆ. ಆಗ ಕೆಲಸಗಾರರು ದೊಡ್ಡ ಸುತ್ತಿಗೆಯಿಂದ ಹಳಿಯನ್ನು ಹೊಡೆದು ಕೂರಿಸಬೇಕಾಗುತ್ತಿತ್ತು. ನೂರು ವರ್ಷ ದುಡಿದ ಯಂತ್ರಕ್ಕೆ ಅದು ಅವಮಾನವಲ್ಲ, ಆದರೆ ಅದರ ಮೇಲೆ ಅಷ್ಟೊಂದು ರೈಲುಗಳ ದಟ್ಟಣೆ ಹೇರಿದ್ದು ಸರಿಯಲ್ಲ ಎಂದೇ ನನ್ನ ಎಣಿಕೆ.

ನಮ್ಮ ಮಾದರಿಗೆ ತೇಗದ ತುಂಡು ಸೀಳಿ ನಾಲ್ಕು ಬೆಣೆ ಮಾಡಿದೆವು, ಪ್ರತಿ ತುದಿಗೆ ಎರಡು. ಒಂದೇ ಬೆಣೆ ಹಾಕಿದರೆ ಹಲಗೆ ವಾಲಿ ಒಂದು ಹಳಿ ಮಾತ್ರ ಏರುತ್ತದೆ. ಆಟಿಕೆ ಎಂಜಿನ್ ಕುಪ್ಪಳಿಸದೆ ದಾಟಿತು. ಅಷ್ಟರಲ್ಲಿ ಹುಡುಗನೊಬ್ಬ ಬೆಣೆ ತೆಗೆಯದೇ ತಿರುಗಿಸಿದ್ದಕ್ಕೆ ಒಂದು ಪಟ್ಟಿ ಕಿತ್ತು ಬಂತು. ಪಟ್ಟಿ ಮತ್ತೆ ಬಡಿದು, ಬೆಣೆ ಒಳಗಿರುವವರೆಗೆ ಹಲಗೆ ತಿರುಗದಂತೆ ತಡೆಯುವ ಒಂದು ಮೊಳೆಯನ್ನೂ ಹೊಡೆದೆವು.