ಅಜ್ಜಿಯ ತಂಬಿಗೆ

ಕಂಪ್ಯೂಟರ್‌ನಲ್ಲಿ 3ಡಿ ಆಕಾರಗಳನ್ನು ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಕಲಿಯಲು ಶುರು ಮಾಡಿ 2 ತಿಂಗಳಾಯಿತು. ಈ ವಾರ ಅದರಲ್ಲಿ ಅಜ್ಜಿಯ ಹಿತ್ತಾಳೆ ತಂಬಿಗೆ ಮಾಡಿದೆ. ಆಕಾರ ಸುಲಭ. ಒಂದು ಬದಿಯ ಗೆರೆ ಎಳೆದು 360 ಡಿಗ್ರಿ ತಿರುಗಿಸಿದರೆ ಸಾಕು, ಕುಂಬಾರನ ತಿಗರಿಯ ಹಾಗೆ.

ಕಷ್ಟವಾಗಿದ್ದು ಹೊಳಪು. ರಫ್‌ನೆಸ್ (ಮೇಲ್ಮೈಯ ಒರಟುತನ) ತೀರಾ ಕಡಿಮೆ ಇಟ್ಟಿದ್ದೆ, ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಕಾಣಿಸಿತು. ಎದ್ದು ಹೋಗಿ ನಿಜವಾದ ತಂಬಿಗೆಯನ್ನು ಕಿಟಕಿ ಹತ್ತಿರ ಹಿಡಿದೆ. ಕುತ್ತಿಗೆಯ ಸಂದಿಯಲ್ಲಿ ಹುಣಸೆಹಣ್ಣು ತಲುಪದ ಕಪ್ಪು. ಹೊಟ್ಟೆಯ ಮೇಲೆ ತಿಕ್ಕಿ ತಿಕ್ಕಿ ಬಿದ್ದ ಸಣ್ಣ ಗೀರುಗಳು. ಇಷ್ಟು ವರ್ಷ ಇದರಲ್ಲೇ ನೀರು ಕುಡಿದಿದ್ದೇನೆ, ಒಮ್ಮೆಯೂ ಹೀಗೆ ನೋಡಿರಲಿಲ್ಲ.

ಈಗ ಅದು ತಿರುಗುವ 10 ಸೆಕೆಂಡಿನ ಅನಿಮೇಷನ್ ರೆಂಡರ್ ಆಗುತ್ತಿದೆ, ಅಂದರೆ ಕಂಪ್ಯೂಟರ್ ಒಂದೊಂದೇ ಚಿತ್ರ ತಯಾರಿಸುತ್ತಿದೆ. ಸೆಕೆಂಡಿಗೆ 24 ಫ್ರೇಮ್, ಒಟ್ಟು 240. ಒಂದೊಂದಕ್ಕೂ 2 ನಿಮಿಷ. ಬೆಳಿಗ್ಗೆ ಅಜ್ಜಿಗೆ ತೋರಿಸಬೇಕು.